ಊರಿನಿಂದ ಸ್ಕ್ಯಾನರ್‌ವರೆಗೆ: ಒಂದು ಚೆಕ್‌ನ ದೂರ

2025ರ ಅಕ್ಟೋಬರ್ 4ರಿಂದ ದೇಶದ ಚೆಕ್ ವ್ಯವಸ್ಥೆಗೆ ಹೊಸ ವೇಗ ಬಂದಿದೆ. ಅಲ್ಲಿಯವರೆಗೆ ಬ್ಯಾಂಕುಗಳು ದಿನವಿಡೀ ಬಂದ ಚೆಕ್‌ಗಳನ್ನು ಕೂಡಿಸಿಟ್ಟು, ಗೊತ್ತಾದ ಹೊತ್ತಿಗೆ ಒಟ್ಟಾಗಿ ಕ್ಲಿಯರಿಂಗ್‌ಗೆ ಕಳಿಸುತ್ತಿದ್ದವು. ಹಣ ಖಾತೆಗೆ ಬೀಳಲು ಒಂದೆರಡು ಕೆಲಸದ ದಿನ ಬೇಕಾಗುತ್ತಿತ್ತು. ರಿಸರ್ವ್ ಬ್ಯಾಂಕ್ ತಂದ ಹೊಸ ಪದ್ಧತಿಯಲ್ಲಿ ಚೆಕ್ ಸ್ಕ್ಯಾನ್ ಆದ ಹಾಗೆ ಅದರ ಚಿತ್ರ ಹೊರಡಬೇಕು, ಹಣ ಕೊಡಬೇಕಾದ ಬ್ಯಾಂಕು ಅದೇ ದಿನ ಸಂಜೆ 7 ಗಂಟೆಯೊಳಗೆ ಪಾಸು ಅಥವಾ ವಾಪಸು ಎಂದು ತಿಳಿಸಬೇಕು. ಏನೂ ತಿಳಿಸದಿದ್ದರೆ ಪಾಸಾಯಿತೆಂದೇ ಲೆಕ್ಕ. ಹಣ ಇತ್ಯರ್ಥವಾದ ಒಂದು ಗಂಟೆಯೊಳಗೆ ಗ್ರಾಹಕರ ಖಾತೆಗೆ ಜಮೆ ಆಗಬೇಕು. ಇದು ಒಳ್ಳೆಯ ಸುಧಾರಣೆ, ಅದರಲ್ಲಿ ಸಂಶಯವಿಲ್ಲ. ಆದರೆ ಈ ಗಡಿಯಾರ ಓಡಲು ಶುರುವಾಗುವುದು ಚೆಕ್ ಸ್ಕ್ಯಾನರ್‌ಗೆ ಬಿದ್ದ ಮೇಲೆ. ಅದಕ್ಕೂ ಮೊದಲು ಚೆಕ್ ಪಡೆದವರ ಕೈಯಿಂದ ಶಾಖೆಯ ಕೌಂಟರ್‌ಗೆ, ಕೌಂಟರ್‌ನಿಂದ ಸ್ಕ್ಯಾನರ್ ಇರುವ ಜಾಗಕ್ಕೆ ಹೋಗುವ ಹೊತ್ತನ್ನು ಅಳೆಯುವ ಗಡಿಯಾರ ಈ ಪದ್ಧತಿಯಲ್ಲಿ ಇಲ್ಲ. ಚೆಕ್ ಕಟ್ಟುವ ಇಂದಿನ ತೊಂದರೆಯೆಲ್ಲ ಆ ಅಳತೆಯಿಲ್ಲದ ದಾರಿಯಲ್ಲೇ ಇದೆ. ಅದರ ಖರ್ಚನ್ನು ಹೊರುವವರು ಚೆಕ್ ಬರೆದವರೂ ಅಲ್ಲ, ಬ್ಯಾಂಕೂ ಅಲ್ಲ; ಚೆಕ್ ಪಡೆದವರು.

ಬೀದರ್ ಜಿಲ್ಲೆಯ ಹಲಬರ್ಗಾವನ್ನೇ ತೆಗೆದುಕೊಳ್ಳಿ. ಭಾಲ್ಕಿ ತಾಲ್ಲೂಕಿನ ಈ ಊರು ಬೀದರ್‌ನಿಂದ ಭಾಲ್ಕಿ, ಕಮಲನಗರದ ಮೇಲೆ ಮಹಾರಾಷ್ಟ್ರದ ಉದಗೀರಿಗೆ ಹೋಗುವ ರೈಲು ಮಾರ್ಗದಲ್ಲಿದೆ. ಇಂಥ ಊರಿನವರ ಖಾತೆ ಊರಲ್ಲೇ ಇರುತ್ತದೆಂದು ಹೇಳುವಂತಿಲ್ಲ. ಬೆಳೆಸಾಲದ ಖಾತೆ ಒಂದು ಬ್ಯಾಂಕಿನಲ್ಲಿ, ಪಿಂಚಣಿಯ ಖಾತೆ ಮತ್ತೊಂದರಲ್ಲಿ, ಮಕ್ಕಳ ವಿದ್ಯಾರ್ಥಿವೇತನದ್ದು ಮಗದೊಂದರಲ್ಲಿ. ಒಂದು ಭಾಲ್ಕಿಯಲ್ಲಿ, ಇನ್ನೊಂದು ಬೀದರ್‌ನಲ್ಲಿ. ಕೈಗೆ ಚೆಕ್ ಬಂದರೆ ಆ ಖಾತೆ ಇರುವ ಬ್ಯಾಂಕನ್ನು ಹುಡುಕಿಕೊಂಡು ಹೋಗಬೇಕು. ಶಾಖೆಯ ವೇಳೆಯಲ್ಲಿ ಹೋಗಬೇಕು, ಎರಡನೇ ಮತ್ತು ನಾಲ್ಕನೇ ಶನಿವಾರ ಬಿಟ್ಟು ಹೋಗಬೇಕು. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್ 11ರಿಂದ, ಮಹಿಳೆಯರಿಗೆ ಬಸ್ಸಿನ ಖರ್ಚು ಉಳಿದಿದೆ. ದಿನದ ಖರ್ಚು ಉಳಿದಿಲ್ಲ. ಆ ದಿನದ ಬೆಲೆಯನ್ನು ಸರ್ಕಾರವೇ ಕಟ್ಟಿದೆ. 2025–26ರಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕದ ದಿನಗೂಲಿ 370 ರೂಪಾಯಿ. ಐದು ಸಾವಿರ ರೂಪಾಯಿಯ ಚೆಕ್ ಕಟ್ಟಲು ಒಂದು ದಿನ ಕಳೆದರೆ, ಚೆಕ್‌ನ ಮೊತ್ತದಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಅಲ್ಲೇ ಕರಗಿತು. ಹೆಸರಿನಲ್ಲಿ ಅಕ್ಷರ ತಪ್ಪಿದೆಯೆಂದೋ, ಸ್ಕ್ಯಾನರ್ ಕೆಟ್ಟಿದೆಯೆಂದೋ ಇನ್ನೊಮ್ಮೆ ಬರಬೇಕಾದರೆ ಆ ಪಾಲು ಇಮ್ಮಡಿಯಾಗುತ್ತದೆ. ಯಾವ ಬ್ಯಾಂಕಿನ ಶುಲ್ಕಪಟ್ಟಿಯಲ್ಲೂ ಈ ಶುಲ್ಕ ಕಾಣುವುದಿಲ್ಲ.

ಈ ಅಸಮತೋಲ ಹೇಗೆ ಬಂತು ಎಂದು ತಿಳಿಯಲು ಚೆಕ್‌ನ ಓಡಾಟವನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಹಳೆಯ ಕಾಲದಲ್ಲಿ ಕಾಗದವೇ ಊರಿಂದ ಊರಿಗೆ ಹೋಗುತ್ತಿತ್ತು. ಪರಸ್ಥಳದ ಚೆಕ್‌ಗಳು ಅಂಚೆಯಲ್ಲಿ, ಕೊರಿಯರ್‌ನಲ್ಲಿ ಪಯಣಿಸುತ್ತಿದ್ದವು. ರಾಜ್ಯ ರಾಜಧಾನಿಗಳ ಚೆಕ್‌ಗೆ 7 ದಿನ, ದೊಡ್ಡ ನಗರಗಳ ಚೆಕ್‌ಗೆ 10 ದಿನ, ಉಳಿದ ಊರುಗಳ ಚೆಕ್‌ಗೆ 14 ದಿನ ಎಂಬ ಗಡುವೇ ದೊಡ್ಡ ಗ್ರಾಹಕ ಹಕ್ಕಾಗಿತ್ತು. ಚೆಕ್‌ನ ಚಿತ್ರ ಮಾತ್ರ ಕಳಿಸುವ ಸಿಟಿಎಸ್ ಪದ್ಧತಿ 2008ರಲ್ಲಿ ದೆಹಲಿ ಪ್ರದೇಶದಲ್ಲಿ, 2011ರಲ್ಲಿ ಚೆನ್ನೈನಲ್ಲಿ, 2013ರಲ್ಲಿ ಮುಂಬೈನಲ್ಲಿ ಶುರುವಾಯಿತು. ದೇಶವನ್ನು ಮೂರು ಜಾಲಗಳಾಗಿ ಹಂಚಲಾಯಿತು. ಕರ್ನಾಟಕ, ತೆಲಂಗಾಣಗಳು ಚೆನ್ನೈ ಜಾಲಕ್ಕೆ ಸೇರಿದವು, ಮಹಾರಾಷ್ಟ್ರ ಮುಂಬೈ ಜಾಲಕ್ಕೆ. ಗಡಿನಾಡಿನವರಿಗೆ ಈ ಗೆರೆಯ ಅರ್ಥ ಬೇರೆಯೇ. ಭಾಲ್ಕಿ, ಔರಾದ್, ಕಮಲನಗರದ ಕಡೆಯ ರೈತರಿಗೆ ಉದಗೀರಿನ ಮಾರುಕಟ್ಟೆ ಹತ್ತಿರ. ತೊಗರಿ, ಸೋಯಾ, ಉದ್ದು, ಹೆಸರು ಅಲ್ಲಿಗೂ ಹೋಗುತ್ತವೆ. ರಾಶಿಯ ಕಾಲದಲ್ಲಿ ಒಂದು ಟೆಂಪೊ ದಾಟುವ ಗಡಿಯನ್ನು ಅಡತಿಯವರು ಕೊಟ್ಟ ಚೆಕ್ ಮಾತ್ರ ಸುಲಭವಾಗಿ ದಾಟುತ್ತಿರಲಿಲ್ಲ. ಮೂರು ಜಾಲಗಳು ಒಂದಾಗಿರುವ ಇಂದು ಉದಗೀರಿನ ಚೆಕ್‌ಗೂ ಭಾಲ್ಕಿಯ ಚೆಕ್‌ಗೂ ಕ್ಲಿಯರಿಂಗ್‌ನಲ್ಲಿ ವ್ಯತ್ಯಾಸವಿಲ್ಲ. ಬೀದರ್ ಜಿಲ್ಲೆಗೆ ಇದು ಸಣ್ಣ ಲಾಭವೇನಲ್ಲ.

ಜಾಲದ ಹೊರಗಿದ್ದ ಶಾಖೆಗಳ ಕಥೆ ಇನ್ನೂ ಇತ್ತೀಚಿನದು. 2021ರಲ್ಲಿ ರಿಸರ್ವ್ ಬ್ಯಾಂಕೇ ಹೇಳಿದ ಪ್ರಕಾರ ಸುಮಾರು 18,000 ಶಾಖೆಗಳು ಯಾವ ಔಪಚಾರಿಕ ಕ್ಲಿಯರಿಂಗ್ ವ್ಯವಸ್ಥೆಗೂ ಸೇರಿರಲಿಲ್ಲ. ಆ ವರ್ಷದ ಸೆಪ್ಟೆಂಬರ್ 30ರೊಳಗೆ ಎಲ್ಲ ಶಾಖೆಗಳೂ ಚಿತ್ರ ಆಧಾರಿತ ಕ್ಲಿಯರಿಂಗ್‌ಗೆ ಸೇರಬೇಕೆಂದು ಆದೇಶವಾಯಿತು. ಆದರೆ ಸೇರುವ ಬಗೆಯನ್ನು ಬ್ಯಾಂಕಿಗೆ ಬಿಡಲಾಯಿತು: ಪ್ರತಿ ಶಾಖೆಗೂ ಸ್ಕ್ಯಾನರ್ ಇಡಬಹುದು, ಇಲ್ಲವೇ ಹಲವು ಶಾಖೆಗಳ ಚೆಕ್‌ಗಳನ್ನು ಒಂದು ಕೇಂದ್ರಕ್ಕೆ ತಂದು ಸ್ಕ್ಯಾನ್ ಮಾಡಬಹುದು. ಎರಡನೆಯ ದಾರಿ ಹಿಡಿದಲ್ಲಿ ಶಾಖೆ ಜಾಲದೊಳಗಿದೆ, ಸ್ಕ್ಯಾನರ್ ಮಾತ್ರ ಬೇರೆ ಊರಲ್ಲಿದೆ. ಸಹಕಾರಿ ಬ್ಯಾಂಕುಗಳ ವಿಷಯದಲ್ಲಿ ಇನ್ನೊಂದು ಮೆಟ್ಟಿಲು ಕೂಡಿಕೊಳ್ಳುತ್ತದೆ. ನೇರ ಸದಸ್ಯತ್ವವಿಲ್ಲದ ಬ್ಯಾಂಕು ಮತ್ತೊಂದು ದೊಡ್ಡ ಬ್ಯಾಂಕಿನ ಆಸರೆಯಲ್ಲಿ ಉಪಸದಸ್ಯನಾಗಿ ಕ್ಲಿಯರಿಂಗ್‌ಗೆ ಬರುತ್ತದೆ. ಒಬ್ಬ ಗ್ರಾಹಕ ಬೆಳಿಗ್ಗೆ 11ಕ್ಕೆ ಶಾಖೆಯ ಚೆಕ್ ಡಬ್ಬಿಗೆ ಹಾಕಿದ ಚೆಕ್, ಡಬ್ಬಿ ತೆರೆಯುವ ಹೊತ್ತಿಗಾಗಿ ಕಾದು, ಕಟ್ಟಿಗೆ ಸೇರಿ, ಕೇಂದ್ರ ಮುಟ್ಟುವಷ್ಟರಲ್ಲಿ ಆ ದಿನದ ಕ್ಲಿಯರಿಂಗ್ ಬಾಗಿಲು ಮುಚ್ಚಿರಬಹುದು. ಕಾಗದದ ಮೇಲೆ ‘ಅದೇ ದಿನ’ ಎಂಬ ನಿಯಮಕ್ಕೆ ಭಂಗ ಬಂದಿಲ್ಲ. ಗ್ರಾಹಕನಿಗೆ ಮಾತ್ರ ಹಣ ಅದೇ ದಿನ ಬಂದಿಲ್ಲ. ಹೊಸ ಪದ್ಧತಿ ಎಲ್ಲವನ್ನೂ ಸರಿಮಾಡಿದೆ ಎನ್ನುವವರಿಗೆ ನನ್ನ ಮೊದಲ ಉತ್ತರ ಇದೇ: ಸ್ಕ್ಯಾನರ್‌ನ ಆಚೆಗಿನ ದಾರಿ ಚಿಕ್ಕದಾದಷ್ಟೂ ಸ್ಕ್ಯಾನರ್‌ವರೆಗಿನ ದಾರಿಯ ಗಂಟೆಗಳು ಎದ್ದು ಕಾಣುತ್ತವೆ.

ಹಾಗಾದರೆ ಚಿತ್ರವನ್ನು ಗ್ರಾಹಕರೇ ತಮ್ಮ ಫೋನಿನಲ್ಲಿ ತೆಗೆದು ಏಕೆ ಕಳಿಸಬಾರದು? ಅಮೆರಿಕದಲ್ಲಿ ಅದು ಬಹುಕಾಲದಿಂದ ನಡೆಯುತ್ತಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾನಗಳು ನಿಂತಾಗ ಅಲ್ಲಿ ಚೆಕ್‌ಗಳ ಮೂಟೆಗಳೂ ನಿಂತವು. ಆ ಪಾಠದಿಂದ 2003ರಲ್ಲಿ ಕಾನೂನು ತಂದು, ಕಾಗದದ ಬದಲಿಗೆ ಚಿತ್ರಕ್ಕೆ ಮಾನ್ಯತೆ ಕೊಟ್ಟರು. ಕೆಲವೇ ವರ್ಷಗಳಲ್ಲಿ ಫೋನಿನಿಂದ ಚೆಕ್ ಕಟ್ಟುವುದು ಸಾಮಾನ್ಯವಾಯಿತು. ನಮ್ಮಲ್ಲೂ ಚಿತ್ರಕ್ಕೆ ಕಾನೂನಿನ ಮಾನ್ಯತೆ ಇದೆ. 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿ ಅದನ್ನು ಸೇರಿಸಿತು. ಆದರೆ ಆ ಕಾಯ್ದೆಯ 6ನೇ ಕಲಂ ಚಿತ್ರ ತೆಗೆದು ಕಾಗದದ ಓಡಾಟವನ್ನು ನಿಲ್ಲಿಸುವ ಅಧಿಕಾರವನ್ನು ಇಬ್ಬರಿಗೆ ಮಾತ್ರ ಕೊಟ್ಟಿದೆ: ಕ್ಲಿಯರಿಂಗ್ ಹೌಸ್‌ಗೆ ಮತ್ತು ಬ್ಯಾಂಕಿಗೆ. ಗ್ರಾಹಕರ ಹೆಸರು ಅಲ್ಲಿಲ್ಲ. ಚೆಕ್ ಅಸಲಿಯೇ, ತಿದ್ದಿದ್ದೇ ಎಂದು ಮೇಲ್ನೋಟಕ್ಕೆ ಪರೀಕ್ಷಿಸುವ ಹೊಣೆಯನ್ನು ಅದೇ ಕಾಯ್ದೆಯ 131ನೇ ಕಲಂ ಚೆಕ್ ಪಡೆದ ಬ್ಯಾಂಕಿನ ಮೇಲೆ ಹೊರಿಸಿದೆ. ಸಿಟಿಎಸ್-2010 ಮಾದರಿಯ ಚೆಕ್‌ನ ಕಾಗದದಲ್ಲಿ ನೀರುಗುರುತು ಇದೆ, ಬ್ಯಾಂಕಿನ ಚಿಹ್ನೆ ನೇರಳಾತೀತ ಬೆಳಕಿಗೆ ಮಾತ್ರ ಕಾಣುತ್ತದೆ, ನಕಲು ತೆಗೆದರೆ ಎದ್ದು ಕಾಣುವ ಗುರುತೂ ಇದೆ. ಇವನ್ನು ನೋಡಲು ಕಾಗದವೇ ಕೈಯಲ್ಲಿರಬೇಕು. ಫೋನಿನ ಕ್ಯಾಮೆರಾಕ್ಕೆ ಇವು ಸಿಗುವುದಿಲ್ಲ.

ಈ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ. ಚಿತ್ರ ಕಳಿಸಿದ ಮೇಲೂ ಚೆಕ್ ಗ್ರಾಹಕರ ಬಳಿಯೇ ಉಳಿದರೆ ಅದನ್ನು ಇನ್ನೊಂದು ಬ್ಯಾಂಕಿಗೆ ಮತ್ತೆ ಹಾಕಬಹುದು; ಅಮೆರಿಕದ ಬ್ಯಾಂಕುಗಳಿಗೆ ಇದು ನಿಜವಾದ ತಲೆನೋವು. ಆದ್ದರಿಂದ ಫೋನೇ ಪರಿಹಾರ ಎನ್ನುವ ವಾದ ನನಗೆ ಒಪ್ಪಿಗೆಯಾಗುವುದಿಲ್ಲ, ಅದೂ ಮನೆಗೊಂದು ಒಳ್ಳೆಯ ಫೋನು, ಸ್ಥಿರವಾದ ನೆಟ್‌ವರ್ಕ್ ಇದ್ದೇ ಇದೆ ಎಂದು ಭಾವಿಸಿ ಮಾಡುವ ವಾದ. ಬೇಕಾಗಿರುವುದು ಕಾಗದವನ್ನು ಊರಲ್ಲೇ ನಂಬಿಕೆಯಿಂದ ಒಪ್ಪಿಸುವ ಜಾಗ, ಒಪ್ಪಿಸಿದ್ದಕ್ಕೊಂದು ರಸೀದಿ.

ಅದಕ್ಕೂ ಮೊದಲು ದೊಡ್ಡ ಆಕ್ಷೇಪವೊಂದಕ್ಕೆ ಉತ್ತರ ಕೊಡಬೇಕು. ಯುಪಿಐ ಕಾಲದಲ್ಲಿ ಚೆಕ್ ಏಕೆ ಬೇಕು, ಅದನ್ನೇ ನಿಲ್ಲಿಸಿಬಿಟ್ಟರೆ ಕಟ್ಟುವ ಕಷ್ಟವೂ ನಿಲ್ಲುತ್ತದಲ್ಲ ಎಂಬ ಮಾತು ನಗರಗಳಲ್ಲಿ ಸಾಮಾನ್ಯ. ಅಂಕಿಗಳು ಈ ಮಾತಿಗೆ ಅರ್ಧ ಮಾತ್ರ ಸಾಕ್ಷಿ ಹೇಳುತ್ತವೆ. 2024–25ರಲ್ಲಿ ಯುಪಿಐ ಮೂಲಕ 18,500 ಕೋಟಿಗೂ ಹೆಚ್ಚು ಪಾವತಿಗಳು ನಡೆದವು. ಚೆಕ್‌ಗಳು ಸುಮಾರು 61 ಕೋಟಿ ಮಾತ್ರ. ಅದಕ್ಕೆ ಎರಡು ವರ್ಷ ಮೊದಲು ಚೆಕ್‌ಗಳ ಸಂಖ್ಯೆ 71 ಕೋಟಿ ಇತ್ತು. ಸಂಖ್ಯೆ ಇಳಿಯುತ್ತಿದೆ ಎನ್ನುವುದು ನಿಜ. ಆದರೆ ಆ ಎರಡು ವರ್ಷಗಳಲ್ಲಿ ಚೆಕ್‌ಗಳ ಒಟ್ಟು ಮೊತ್ತ ಹೆಚ್ಚುಕಡಿಮೆ ಇದ್ದಲ್ಲೇ ಇದೆ, ಸುಮಾರು 71 ಲಕ್ಷ ಕೋಟಿ ರೂಪಾಯಿ. ಒಂದು ಯುಪಿಐ ಪಾವತಿಯ ಸರಾಸರಿ 1,400 ರೂಪಾಯಿಯ ಆಸುಪಾಸು. ಒಂದು ಚೆಕ್‌ನದ್ದು ಒಂದು ಲಕ್ಷ ದಾಟುತ್ತದೆ. ಚಹಾ, ತರಕಾರಿ, ರೀಚಾರ್ಜ್ ಫೋನಿಗೆ ಹೋದವು. ಹೊಲದ ಮುಂಗಡ, ಮನೆ ಕಟ್ಟುವ ಗುತ್ತಿಗೆ, ವಿಮೆಯ ಇತ್ಯರ್ಥ, ಸೊಸೈಟಿಯ ಲೆಕ್ಕ, ವ್ಯಾಪಾರದ ದೊಡ್ಡ ಬಾಕಿ ಇವು ಚೆಕ್‌ನಲ್ಲಿ ಉಳಿದಿವೆ. ಎರಡು ಲಕ್ಷ ಮತ್ತು ಅದಕ್ಕೂ ಮೇಲಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು 2017ರಿಂದ ಆದಾಯ ತೆರಿಗೆ ಕಾನೂನು ತಡೆದಿದೆ. ವ್ಯಕ್ತಿಯಿಂದ ವ್ಯಕ್ತಿಗೆ ಯುಪಿಐಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದ ಮಿತಿ ಇದೆ. ನೆಟ್ ಬ್ಯಾಂಕಿಂಗ್ ರೂಢಿಯಿಲ್ಲದವರು ದೊಡ್ಡ ಮೊತ್ತಕ್ಕೆ ಚೆಕ್ ಹರಿದುಕೊಡುವುದು ಸಹಜ.

ಇನ್ನೂ ಮುಖ್ಯವಾದ ಕಾರಣ ಎರಡಿವೆ. ಒಂದು, ಜೋಡಿ ಸಹಿ. ಬೀದರ್ ಜಿಲ್ಲೆ ಸಹಕಾರದ ನೆಲ. ಇಲ್ಲಿನ ಜಿಲ್ಲಾ ಕೇಂದ್ರ ಸಹಕಾರಿ (ಡಿಸಿಸಿ) ಬ್ಯಾಂಕು 1990ರ ದಶಕದಲ್ಲಿ ಮಹಿಳಾ ಸ್ವಸಹಾಯ ಗುಂಪುಗಳಿಗೆ ಸಾಲ ಕೊಡುವ ಕೆಲಸದಲ್ಲಿ ದೇಶದ ಸಹಕಾರಿ ಬ್ಯಾಂಕುಗಳಿಗೆ ದಾರಿ ತೋರಿಸಿದವುಗಳಲ್ಲಿ ಒಂದು. ಗುಂಪಿನ ಹಣವನ್ನು ಒಬ್ಬರೇ ತೆಗೆಯುವಂತಿಲ್ಲ, ಇಬ್ಬರು ಪ್ರತಿನಿಧಿಗಳ ಸಹಿ ಬೇಕು. ಶಾಲೆಯ ಎಸ್‌ಡಿಎಂಸಿ, ದೇವಸ್ಥಾನದ ಸಮಿತಿ, ಯುವಕ ಸಂಘ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಎಲ್ಲ ಕಡೆಯೂ ಇದೇ ಶಿಸ್ತು. ಒಬ್ಬರ ಫೋನು, ಒಬ್ಬರ ಪಿನ್ ಎಂಬ ಲೆಕ್ಕದ ಮೇಲೆ ನಿಂತ ಯುಪಿಐಗೆ ಈ ಶಿಸ್ತು ಸುಲಭವಾಗಿ ಒಗ್ಗುವುದಿಲ್ಲ. ಜೋಡಿ ಒಪ್ಪಿಗೆಯನ್ನು ಡಿಜಿಟಲ್ ಆಗಿಯೂ ಮಾಡಬಹುದು ಎಂಬುದು ಸರಿಯೇ. ಗ್ರಾಮ ಪಂಚಾಯಿತಿಗಳಲ್ಲಿ ಅಧ್ಯಕ್ಷರೂ ಪಿಡಿಒ ಅವರೂ ಡಿಜಿಟಲ್ ಸಹಿಯಿಂದ ಹಣ ಪಾವತಿಸುತ್ತಿದ್ದಾರೆ. ಸ್ವಸಹಾಯ ಗುಂಪಿನ ಇಬ್ಬರು ಸದಸ್ಯರು ಹಳ್ಳಿಯಲ್ಲಿ ಬ್ಯಾಂಕಿನ ಪರವಾಗಿ ಕೆಲಸ ಮಾಡುವ ಬ್ಯಾಂಕ್ ಮಿತ್ರರ ಬಳಿ ಬೆರಳೊತ್ತಿ ವ್ಯವಹರಿಸುವ ವ್ಯವಸ್ಥೆಯೂ ಬಂದಿದೆ. ಅದು ಎಲ್ಲ ಸಂಘಗಳಿಗೂ ಮುಟ್ಟುವವರೆಗೆ ಜೋಡಿ ಸಹಿಯ ಚೆಕ್ ಊರಿನ ಸಾರ್ವಜನಿಕ ಹಣಕ್ಕಿರುವ ಕಾವಲು.

ಎರಡನೆಯದು ಕಾನೂನಿನ ಬಲ. 1989ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಬಾಕಿ ತೀರಿಸಲು ಕೊಟ್ಟ ಚೆಕ್ ಹಣವಿಲ್ಲದೆ ವಾಪಸಾದರೆ ಅದು ಅಪರಾಧ. ವಾಪಸಾದ ಸುದ್ದಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ಮುಟ್ಟಿದ 15 ದಿನದೊಳಗೆ ಹಣ ಬರದಿದ್ದರೆ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ಹೋಗಬಹುದು. ‘ಮುಂದಿನ ವಾರ ಫೋನ್‌ಪೇ ಮಾಡುತ್ತೇನೆ’ ಎಂಬ ಮಾತಿಗೆ ಈ ಬಲವಿಲ್ಲ. ಎಲ್ಲಿ ದಾವೆ ಹೂಡಬೇಕು ಎಂಬ ಗೊಂದಲವನ್ನು 2015ರ ತಿದ್ದುಪಡಿ ಪರಿಹರಿಸಿದೆ: ಚೆಕ್ ಪಡೆದವರು ಅದನ್ನು ತಮ್ಮ ಖಾತೆಗೆ ಹಾಕಿದ್ದರೆ, ಆ ಖಾತೆಯ ಶಾಖೆ ಇರುವ ಊರಿನ ನ್ಯಾಯಾಲಯ. ಅಂದರೆ ಉದಗೀರಿನ ವ್ಯಾಪಾರಿಯ ಚೆಕ್ ವಾಪಸಾದರೆ ಭಾಲ್ಕಿಯಲ್ಲಿ ಖಾತೆ ಇರುವ ರೈತ ಭಾಲ್ಕಿಯಲ್ಲೇ ನ್ಯಾಯ ಕೇಳಬಹುದು, ಲಾತೂರು ಜಿಲ್ಲೆಗೆ ಅಲೆಯಬೇಕಿಲ್ಲ. ಇಂಥ ಪ್ರಕರಣಗಳು ವರ್ಷಗಟ್ಟಲೆ ಉಳಿಯುತ್ತವೆ, 2019ರ ಕೊನೆಗೆ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಬಾಕಿ ಇದ್ದವೆಂದು ಸುಪ್ರೀಂ ಕೋರ್ಟೇ ದಾಖಲಿಸಿದೆ. ಆದರೂ ಕಾಗದವೇನೂ ಕೊಡದ ಸಾಲಗಾರನಿಗಿಂತ ಚೆಕ್ ಕೊಟ್ಟ ಸಾಲಗಾರ ಬೇಗ ಮಾತಿಗೆ ಬರುತ್ತಾನೆ ಎಂಬುದು ಅಡತಿ ಅಂಗಡಿಗಳಲ್ಲಿ ಎಲ್ಲರಿಗೂ ಗೊತ್ತು. ಈ ಹಕ್ಕು ಜೀವಂತವಿರಬೇಕಾದರೆ ಚೆಕ್‌ನ ಮೇಲಿನ ತಾರೀಖಿನಿಂದ ಮೂರು ತಿಂಗಳೊಳಗೆ ಅದನ್ನು ಬ್ಯಾಂಕಿಗೆ ಹಾಕಿರಬೇಕು. 2012ರ ಏಪ್ರಿಲ್‌ಗೆ ಮೊದಲು ಆರು ತಿಂಗಳಿದ್ದ ಅವಧಿ ಅರ್ಧಕ್ಕಿಳಿದಿದೆ. ಬಿತ್ತನೆಯೋ ರಾಶಿಯೋ ನಡೆದಿರುವಾಗ ಬ್ಯಾಂಕಿಗೆ ಹೋಗಲಾಗದೆ ಕಳೆದ ದಿನಗಳೂ ಆ ಮೂರು ತಿಂಗಳಲ್ಲೇ ಸೇರುತ್ತವೆ.

ಚೆಕ್ ರದ್ದು ಮಾಡುವ ಹಾದಿಯಲ್ಲಿ ಹೊರಟು ಹಿಂದಿರುಗಿದ ದೇಶವೊಂದಿದೆ. ಬ್ರಿಟನ್ನಿನ ಪಾವತಿ ಮಂಡಳಿ 2018ರ ಅಕ್ಟೋಬರ್‌ಗೆ ಚೆಕ್ ಕ್ಲಿಯರಿಂಗ್ ಮುಚ್ಚುವುದಾಗಿ 2009ರಲ್ಲಿ ಪ್ರಕಟಿಸಿತು. ವೃದ್ಧರು, ಧರ್ಮಾರ್ಥ ಸಂಸ್ಥೆಗಳು, ಸಣ್ಣ ವ್ಯಾಪಾರಿಗಳು ಎದ್ದು ನಿಂತರು, ಸಂಸತ್ತಿನಲ್ಲಿ ಚರ್ಚೆಯಾಯಿತು, 2011ರಲ್ಲಿ ತೀರ್ಮಾನ ಹಿಂದಕ್ಕೆ ಹೋಯಿತು. ಆಮೇಲೆ ಅವರು ಮಾಡಿದ್ದು ಗಮನಿಸಬೇಕಾದ ಕೆಲಸ. 2017ರಿಂದ ಚಿತ್ರದ ಮೂಲಕ ಕ್ಲಿಯರಿಂಗ್ ತಂದು ಕಟ್ಟುವುದನ್ನೇ ಸುಲಭ ಮಾಡಿದರು. ಡೆನ್ಮಾರ್ಕ್, ನ್ಯೂಜಿಲೆಂಡ್‌ಗಳು ಚೆಕ್ ನಿಲ್ಲಿಸಿವೆ ಎಂದು ಉದಾಹರಿಸುವವರು ಅಲ್ಲಿ ಜನರ ಕೈಯಲ್ಲಿ ಚೆಕ್ ಹೆಚ್ಚುಕಡಿಮೆ ಇಲ್ಲವಾದ ಮೇಲೆ ನಿಲ್ಲಿಸಿದ್ದು ಎಂಬುದನ್ನೂ ಹೇಳಬೇಕು. 71 ಲಕ್ಷ ಕೋಟಿ ರೂಪಾಯಿ ಓಡಾಡುವ ದಾರಿಯನ್ನು ಆ ಸಾಲಿಗೆ ಸೇರಿಸಲಾಗದು.

ಕಟ್ಟುವ ಕಷ್ಟದಲ್ಲಿ ದೂರದಷ್ಟೇ ತೂಕದ ಇನ್ನೊಂದು ಭಾಗ ಶಾಖೆಯೊಳಗೆ ನಡೆಯುತ್ತದೆ. ಚೆಕ್ ಡಬ್ಬಿಗೆ ಹಾಕಿ ಹೋಗಿ ಎನ್ನುವುದು ರೂಢಿಯಾಗಿದೆ. ಡಬ್ಬಿಗೆ ಹಾಕಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಕಳೆದುಹೋದರೆ ಹಾಕಿದ್ದನ್ನು ತೋರಿಸಿಕೊಡುವ ಹೊರೆ ಗ್ರಾಹಕರದ್ದಾಗುತ್ತದೆ. ರಿಸರ್ವ್ ಬ್ಯಾಂಕಿನ ಸೂಚನೆ ಇಲ್ಲಿ ಸ್ಪಷ್ಟವಾಗಿದೆ. ಡಬ್ಬಿಯೂ ಇರಬೇಕು, ಕೌಂಟರ್‌ನಲ್ಲಿ ಚೆಕ್ ಪಡೆದು ಚಲನ್‌ನ ತುಂಡಿಗೆ ಮೊಹರು ಹಾಕಿಕೊಡುವ ವ್ಯವಸ್ಥೆಯೂ ಇರಬೇಕು. ಗ್ರಾಹಕರು ಕೇಳಿದರೆ ಯಾವ ಶಾಖೆಯೂ ಸ್ವೀಕೃತಿ ನಿರಾಕರಿಸುವಂತಿಲ್ಲ. ಕೌಂಟರ್‌ನಲ್ಲೂ ಕೊಡಬಹುದು ಎಂದು ಡಬ್ಬಿಯ ಮೇಲೆಯೇ ಬರೆದಿರಬೇಕು. ಹೆಸರಿನ ತೊಡಕು ಬೀದರ್‌ನಂಥ ಜಿಲ್ಲೆಯಲ್ಲಿ ಇನ್ನಷ್ಟು. ಕನ್ನಡ, ಮರಾಠಿ, ಉರ್ದು, ತೆಲುಗು ಬೆರೆತ ಊರುಗಳಲ್ಲಿ ಒಂದೇ ಹೆಸರು ಆಧಾರ್‌ನಲ್ಲಿ ಒಂದು ಬಗೆ, ಪಾಸ್‌ಬುಕ್‌ನಲ್ಲಿ ಇನ್ನೊಂದು ಬಗೆ, ಚೆಕ್‌ನಲ್ಲಿ ಮತ್ತೊಂದು ಬಗೆ ಬರೆಯಲ್ಪಟ್ಟಿರುತ್ತದೆ. ಒಂದರಲ್ಲಿ ತಂದೆಯ ಹೆಸರು ಮಧ್ಯದಲ್ಲಿ, ಇನ್ನೊಂದರಲ್ಲಿ ಅಡ್ಡಹೆಸರು ಮೊದಲು. ಖಾತೆಗೆ ಮಾತ್ರ ಎಂದು ಗೆರೆ ಎಳೆದ ಚೆಕ್ ಹೆಸರಿದ್ದವರ ಖಾತೆಗೇ ಹೋಗಬೇಕೆಂಬ ನಿಯಮ ಸರಿಯಾದದ್ದೇ. ಆದರೆ ಒಂದಕ್ಷರದ ವ್ಯತ್ಯಾಸಕ್ಕೆ ಪಾಸ್‌ಬುಕ್ ಮತ್ತು ಗುರುತಿನ ಚೀಟಿ ನೋಡಿ ಒಪ್ಪಿಕೊಳ್ಳುವ ವಿವೇಚನೆ ಸಿಬ್ಬಂದಿಗೆ ಇರಬೇಕು, ಮತ್ತು ಹಾಗೆ ಒಪ್ಪಿದ್ದಕ್ಕೆ ಮೇಲಿನವರು ಅವರ ಬೆನ್ನಿಗೆ ನಿಲ್ಲಬೇಕು.

ಭಾಷೆಯ ಪ್ರಶ್ನೆಯಲ್ಲಿ ಕರ್ನಾಟಕಕ್ಕೆ ಒಂದು ತೀರ್ಪಿನ ಆಧಾರ ಇದೆ. ಚೆಕ್ ಅನ್ನು ಹಿಂದಿ, ಇಂಗ್ಲಿಷ್ ಅಥವಾ ಆ ಪ್ರದೇಶದ ಭಾಷೆಯಲ್ಲಿ ಬರೆಯಬಹುದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಹುಬ್ಬಳ್ಳಿಯ ಉಪನ್ಯಾಸಕರೊಬ್ಬರು 2020ರ ಸೆಪ್ಟೆಂಬರ್‌ನಲ್ಲಿ ಹೆಸ್ಕಾಂ ವಿದ್ಯುತ್ ಬಿಲ್ಲಿಗೆ 6,000 ರೂಪಾಯಿಯ ಚೆಕ್ ಅನ್ನು ಕನ್ನಡದಲ್ಲೇ ಬರೆದುಕೊಟ್ಟರು. ತಿಂಗಳ ಜಾಗದಲ್ಲಿದ್ದ ಕನ್ನಡದ ಒಂಬತ್ತನ್ನು ಹಳಿಯಾಳದ ಎಸ್‌ಬಿಐ ಶಾಖೆಯಲ್ಲಿ ಆರು ಎಂದು ಓದಲಾಯಿತು, ಅವಧಿ ಮುಗಿದಿದೆಯೆಂದು ಚೆಕ್ ವಾಪಸಾಯಿತು. 2022ರಲ್ಲಿ ಧಾರವಾಡ ಜಿಲ್ಲಾ ಗ್ರಾಹಕರ ಆಯೋಗ ಬ್ಯಾಂಕಿಗೆ 85,177 ರೂಪಾಯಿ ದಂಡ ವಿಧಿಸಿತು. ಮೊತ್ತದ ಹದಿನಾಲ್ಕು ಪಟ್ಟು ದಂಡ ಹೆಚ್ಚಾಯಿತೆಂದು ಕೆಲವರಿಗೆ ಅನಿಸಬಹುದು. ಕನ್ನಡ ನಾಡಿನ ಶಾಖೆಯಲ್ಲಿ ಕನ್ನಡದ ಅಂಕಿ ಓದಲು ಬಾರದ್ದು ಸೇವೆಯ ಲೋಪ ಎಂದು ಸ್ಪಷ್ಟವಾಗಿ ಹೇಳಿದ ಆ ಆದೇಶ ಬೀದರ್‌ನ ಗ್ರಾಹಕರಿಗೂ ನಿದರ್ಶನವಾಗುತ್ತದೆ. ಬ್ಯಾಂಕುಗಳ ವಿಲೀನದಿಂದ ಈ ಅಪಾಯ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಹೈದರಾಬಾದ್ ಸಂಸ್ಥಾನದ ಕಾಲದಿಂದ ಈ ಭಾಗದ ಬ್ಯಾಂಕಾಗಿದ್ದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಎಸ್‌ಬಿಐಯಲ್ಲಿ ಸೇರಿತು. ಗ್ರಾಮೀಣ ಬ್ಯಾಂಕು ಕೃಷ್ಣಾ, ಪ್ರಗತಿ ಕೃಷ್ಣಾ, ಕರ್ನಾಟಕ ಗ್ರಾಮೀಣ ಎಂದು ಹೆಸರು ಬದಲಿಸುತ್ತ 2025ರ ಮೇ 1ರಂದು ರಾಜ್ಯಕ್ಕೊಂದೇ ಬ್ಯಾಂಕಾಯಿತು. ಪ್ರತಿ ವಿಲೀನಕ್ಕೂ ಸಂಕೇತ ಸಂಖ್ಯೆ ಬದಲಾಗುತ್ತದೆ, ಹಳೆಯ ಚೆಕ್‌ಬುಕ್‌ಗಳು ಒಂದು ದಿನಾಂಕದ ನಂತರ ನಡೆಯುವುದಿಲ್ಲ. ಬರೆದವರು ಹಳೆಯ ಹಾಳೆ ಹರಿದುಕೊಟ್ಟರೆ ಅಲೆಯುವವರು ಪಡೆದವರು.

ಈಗ ಪರಿಹಾರಕ್ಕೆ ಬರೋಣ. ಹೊಸ ಕಾನೂನು ಬರಲಿ ಎಂದು ಕಾಯಬೇಕಾಗಿಲ್ಲ, ಇರುವ ನಿಯಮಗಳಲ್ಲೇ ಎರಡು ಬಾಗಿಲುಗಳಿವೆ. ಮೊದಲನೆಯದು ಬ್ಯಾಂಕ್ ಮಿತ್ರರು ನಡೆಸುವ, ಹಳ್ಳಿಗಳಲ್ಲಿ ಬಿಸಿ ಪಾಯಿಂಟ್ ಎಂದು ಕರೆಯುವ ಕೇಂದ್ರ. ಆಧಾರ್ ಬೆರಳಚ್ಚಿನಿಂದ ಹಣ ತೆಗೆಯಲು, ಕಟ್ಟಲು ಜನ ಅಲ್ಲಿಗೇ ಹೋಗುತ್ತಾರೆ. ಇವರು ಮಾಡಬಹುದಾದ ಕೆಲಸಗಳ ಪಟ್ಟಿಯಲ್ಲಿ ಸಣ್ಣ ಮೊತ್ತದ ಪಾವತಿ ಪತ್ರಗಳನ್ನು ಪಡೆಯುವುದು ಮತ್ತು ಮುಟ್ಟಿಸುವುದು ಸೇರಿದೆ. ಎಂದರೆ ಚೆಕ್ ಪಡೆದು, ರಸೀದಿ ಕೊಟ್ಟು, ಮುದ್ರೆ ಹಾಕಿದ ಚೀಲದಲ್ಲಿ ಶಾಖೆಗೆ ಒಪ್ಪಿಸುವ ಕೆಲಸವನ್ನು ಬ್ಯಾಂಕು ಇವರಿಗೆ ವಹಿಸಬಹುದು. ಎರಡನೆಯ ಬಾಗಿಲು ಬೀದರ್‌ಗೆ ಇನ್ನೂ ಹೊಂದುತ್ತದೆ. ಖಾತೆಗೆ ಮಾತ್ರ ಎಂದು ಗೆರೆ ಎಳೆದ ಚೆಕ್‌ಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಒಂದು ವಿನಾಯಿತಿ ಇಟ್ಟಿದೆ: ಸಹಕಾರಿ ಪತ್ತಿನ ಸಂಘದ ಸದಸ್ಯರ ಹೆಸರಿನ ಚೆಕ್ 50,000 ರೂಪಾಯಿ ಮೀರದಿದ್ದರೆ, ಅದನ್ನು ಸಂಘದ ಖಾತೆಯ ಮೂಲಕ ವಸೂಲು ಮಾಡಿ ಸದಸ್ಯರ ಲೆಕ್ಕಕ್ಕೆ ಜಮೆ ಮಾಡಬಹುದು. ಸಂಘ ಬ್ಯಾಂಕಿಗೆ ಲಿಖಿತ ಭರವಸೆ ಕೊಡಬೇಕು, ಅಷ್ಟೆ. ಹಾಗೆ ಮಾಡಿದರೆ ಸಂಘದಲ್ಲೇ ಉಳಿತಾಯ ಲೆಕ್ಕ ಇರುವ ಸದಸ್ಯರಿಗೆ ಐವತ್ತು ಸಾವಿರದವರೆಗಿನ ಚೆಕ್‌ಗಾಗಿ ಭಾಲ್ಕಿಗೋ ಬೀದರ್‌ಗೋ ಹೋಗುವ ಅಗತ್ಯವೇ ಇಲ್ಲ. ದೇಶದ 63,000 ಪ್ರಾಥಮಿಕ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಆ ಗಣಕದ ಪಕ್ಕಕ್ಕೆ ಒಂದು ಚೆಕ್ ಸ್ಕ್ಯಾನರ್ ಇಟ್ಟು, ಡಿಸಿಸಿ ಬ್ಯಾಂಕಿಗೆ ಜೋಡಿಸುವುದು ಆಗದ ಕೆಲಸವಲ್ಲ.

ಬ್ಯಾಂಕಿನವರು ಖರ್ಚಿನ ಮಾತು ತೆಗೆಯುತ್ತಾರೆ. ಒಂದು ಬಿಸಿ ಪಾಯಿಂಟ್‌ಗೆ ವಾರಕ್ಕೆ ಎಷ್ಟು ಚೆಕ್ ಬಂದೀತು, ಅದಕ್ಕಾಗಿ ಯಂತ್ರ, ತರಬೇತಿ, ಹೊಣೆ ಏಕೆ ಎಂಬುದು ಅವರ ಪ್ರಶ್ನೆ. ಸಂಖ್ಯೆ ಕಡಿಮೆ ಎಂಬುದನ್ನು ಒಪ್ಪೋಣ. ಕಡಿಮೆ ಇರುವುದರಿಂದಲೇ ಬಿಸಿ ಪಾಯಿಂಟ್‌ಗೊಂದು ಸ್ಕ್ಯಾನರ್ ಬೇಡ, ದಿನಕ್ಕೊಮ್ಮೆ ಶಾಖೆ ಮುಟ್ಟುವ ಚೀಲ ಸಾಕು. ಬ್ಯಾಂಕ್ ಮಿತ್ರರು ನಗದಿಗಾಗಿ ಹೇಗೂ ಶಾಖೆಗೆ ಹೋಗಿಬರುತ್ತಾರೆ. ಪ್ರತಿ ಚೆಕ್‌ಗೆ ಅವರಿಗೊಂದು ಕಮಿಷನ್ ಗೊತ್ತುಮಾಡಬೇಕು, ಅದನ್ನು ಬ್ಯಾಂಕು ಭರಿಸಬೇಕು. ಕ್ಲಿಯರಿಂಗ್ ಕಾಗದದಿಂದ ಚಿತ್ರಕ್ಕೆ ತಿರುಗಿದಾಗ ಸಾಗಣೆಯ ಖರ್ಚು ಉಳಿದದ್ದು ಬ್ಯಾಂಕುಗಳಿಗೇ. ಆ ಉಳಿತಾಯದ ಒಂದು ಪಾಲು ಹಳ್ಳಿಯ ಗ್ರಾಹಕರ ಕಡೆಗೆ ಬರುವುದು ನ್ಯಾಯ. ಮೋಸದ ಭಯಕ್ಕೂ ಉತ್ತರವಿದೆ. ಇಲ್ಲಿ ಕಾಗದ ಗ್ರಾಹಕರ ಬಳಿ ಉಳಿಯುವುದಿಲ್ಲ, ಬ್ಯಾಂಕೇ ಅದನ್ನು ನೇರಳಾತೀತ ಬೆಳಕಿನಲ್ಲಿ ನೋಡಿ ಸ್ಕ್ಯಾನ್ ಮಾಡುತ್ತದೆ, 131ನೇ ಕಲಂ ಕೇಳುವ ಎಚ್ಚರಿಕೆ ಹಾಗೇ ಇರುತ್ತದೆ. ದೊಡ್ಡ ಮೊತ್ತಕ್ಕೆ ಪಾಸಿಟಿವ್ ಪೇ ಎಂಬ ಕಾವಲು 2021ರ ಜನವರಿಯಿಂದಲೇ ಇದೆ: 50,000 ಮತ್ತು ಅದಕ್ಕೂ ಮೇಲಿನ ಚೆಕ್ ಬರೆದವರು ಅದರ ವಿವರವನ್ನು ಮೊದಲೇ ತಮ್ಮ ಬ್ಯಾಂಕಿಗೆ ತಿಳಿಸಬಹುದು, ಐದು ಲಕ್ಷ ಅಥವಾ ಅದಕ್ಕೂ ಮೇಲಿದ್ದರೆ ಬ್ಯಾಂಕು ಅದನ್ನು ಕಡ್ಡಾಯ ಮಾಡಬಹುದು. ಆದರೆ ಬರೆದವರು ತಿಳಿಸಲು ಮರೆತರೆ ವಾಪಸಾದ ಚೆಕ್ ಹಿಡಿದು ನಿಲ್ಲುವವರು ಇಲ್ಲೂ ಪಡೆದವರೇ. ಚೆಕ್ ಪಡೆಯುವಾಗಲೇ ‘ಪಾಸಿಟಿವ್ ಪೇ ಮಾಡಿದ್ದೀರಾ’ ಎಂದು ಕೇಳುವುದು ಹೊಸ ಕಾಲದ ವ್ಯವಹಾರಜ್ಞಾನ.

ಕೊಡುವವರಿಗೂ ಕರ್ತವ್ಯವಿದೆ. ಕಚೇರಿ, ಕಂಪನಿ, ಕಾರ್ಖಾನೆಯಂಥವರ ಬಳಿ ನೆಟ್ ಬ್ಯಾಂಕಿಂಗ್ ಇದೆ, ಗುಮಾಸ್ತರಿದ್ದಾರೆ. ಎನ್ಇಎಫ್‌ಟಿ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಹಗಲಿರುಳೂ ತೆರೆದಿವೆ. ತಪ್ಪು ಖಾತೆಗೆ ಹೋದೀತೆಂಬ ನೆಪವೂ ಈಗಿಲ್ಲ, ಹಣ ಕಳಿಸುವ ಮೊದಲೇ ಪಡೆಯುವವರ ಹೆಸರು ತೋರಿಸುವ ಸೌಲಭ್ಯ 2025ರ ಏಪ್ರಿಲ್‌ನಿಂದ ಇವೆರಡಕ್ಕೂ ಬಂದಿದೆ. ಹಾಗಿದ್ದೂ ಕೂಲಿ, ಠೇವಣಿ ವಾಪಸು, ಸಣ್ಣ ಪರಿಹಾರಗಳನ್ನು ಚೆಕ್‌ನಲ್ಲೇ ಕೊಡುವುದು ಕೊಡುವವರ ಅನುಕೂಲಕ್ಕಾಗಿ ಪಡೆಯುವವರ ದಿನ ಕಿತ್ತುಕೊಂಡಂತೆ. ರಸ್ತೆ ಅಪಘಾತದ ಪರಿಹಾರವನ್ನು ಸಂತ್ರಸ್ತರ ಖಾತೆಗೇ ನೇರವಾಗಿ ಜಮೆ ಮಾಡುವ ಕ್ರಮ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಹೇಳಿತು. ಅದೇ ನ್ಯಾಯ ಉಳಿದ ಕಚೇರಿಗಳಿಗೂ ಅನ್ವಯವಾಗಬೇಕು: ಪಡೆಯುವವರು ಕೇಳಿದರೆ ಚೆಕ್ ಬದಲು ಖಾತೆಗೆ ಹಣ ಹಾಕಲೇಬೇಕು. ಆಯ್ಕೆ ಪಡೆಯುವವರದ್ದಾಗಲಿ. ಜೋಡಿ ಸಹಿಯ ಸಂಘಗಳಿಗೆ, ಮುಂದಿನ ತಾರೀಖಿನ ಭರವಸೆ ಬೇಕಾದ ರೈತರಿಗೆ ಚೆಕ್ ಉಳಿಯಲಿ.

ಹಲಬರ್ಗಾ ಸುತ್ತಲಿನ ಓದುಗರು ಇದಕ್ಕಾಗಿ ಯಾರನ್ನೂ ಕಾಯದೆ ಮಾಡಬಹುದಾದ ಕೆಲಸಗಳಿವೆ. ಚೆಕ್ ಕೈಗೆ ಬಂದಾಗ ಹೆಸರು, ತಾರೀಖು, ತಿದ್ದುಪಡಿ ಅಲ್ಲೇ ನೋಡಿಕೊಳ್ಳಿ. ಹೆಸರು, ಮೊತ್ತ ತಿದ್ದಿದ ಚೆಕ್ ಸಿಟಿಎಸ್‌ನಲ್ಲಿ ನಡೆಯುವುದಿಲ್ಲ. ಎರಡೂ ಬದಿಯ ಫೋಟೊ ಇಟ್ಟುಕೊಳ್ಳಿ. ಬ್ಯಾಂಕಿನಲ್ಲಿ ಡಬ್ಬಿ ತೋರಿಸಿದರೆ ಕೌಂಟರ್‌ನಲ್ಲೇ ಕೊಟ್ಟು ಮೊಹರಿನ ರಸೀದಿ ಕೇಳಿ, ಅದು ನಿಮ್ಮ ಹಕ್ಕು. ನಿರಾಕರಿಸಿದರೆ ಶಾಖೆಗೆ ಬರೆದುಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ನಿಮ್ಮ ಊರಿನ ಸಹಕಾರ ಸಂಘದ ಮುಂದಿನ ಸಾಮಾನ್ಯ ಸಭೆಯಲ್ಲಿ, ಐವತ್ತು ಸಾವಿರದವರೆಗಿನ ಸದಸ್ಯರ ಚೆಕ್‌ಗಳನ್ನು ಸಂಘವೇ ಪಡೆಯಲಿ ಎಂದು ಠರಾವು ಮಂಡಿಸಿ, ಅದರ ಪ್ರತಿಯನ್ನು ಡಿಸಿಸಿ ಬ್ಯಾಂಕಿಗೆ ಕಳಿಸಿ.